ಎತ್ತದ ಕೈ

ಕೆಲಸದ ಬಾಗಿ ಅದನ್ನು ಹೇಳಿದ್ದು ಚಪ್ಪಲಿ ಬಿಡುತ್ತಾ, ಹಾಲಿನ ಪ್ಯಾಕೆಟ್ ಸೋರುತ್ತಿದೆ ಎಂದು ಹೇಳುವಷ್ಟೇ ಸಲೀಸಾಗಿ. "ಅಕ್ಕಾರ, ನಿನ್ನಿ ನನ್ನ ಮಗಳು ಕೂಸಿನ್ನ ತಗೊಂಡು ಬಂದಿದ್ಲ್ರಿ. ಅಜ್ಜಾರ ಕಾಲಾಗ ಹಾಕಿದ್ವಿ. ಅಜ್ಜಾರು ಬಲಗೈ ಎತ್ತಿ ಕೂಸಿನ ತಲೀ ಮ್ಯಾಲ ಇಟ್ಟು ಏನೋ ಅಂದ್ರು ನೋಡ್ರಿ. ನನಗ ಕಣ್ಣಾಗ ನೀರು ಬಂತು." ಸುಲೋಚನಾ ಟಿಫಿನ್ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. "ಎಡಗೈ ಇರ್ಬೇಕು," ಎಂದಳು. "ಬಲಗೈ ರೀ! ನಾ ಏನು ಕುರುಡಿ ಏನ್ರಿ? ಭಾಳ ದಿನಾ ಆತಲ್ಲ, ವ್ಯಾಯಾಮ ಮಾಡಿಸಿದ್ದು ಹತ್ತೇತಿ. ರಿಮೋಟ್ ಎತ್ತತಾರ. ಮೂಗಿನ ಮ್ಯಾಲ ನೊಣ ಕುಂತರ ಹೊಡೀತಾರ. ನಿಮಗ ಗೊತ್ತಿಲ್ಲೇನು?" ಪಪ್ಪನನ್ನು ಹಗಲು ಹೊತ್ತು ನೋಡಿಕೊಳ್ಳುವ ಈ ವಿಜಯಪುರದ ಹೆಂಗಸಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ, ಹಾಗಾಗಿ ಆ ಕೆಲಸ ಸುಲೋಚನಾಳೇ ಮಾಡಬೇಕಾಯಿತು. "ಗೊತ್ತುಂಟು," ಎಂದಳು. ಡಬ್ಬಿಯ ಮುಚ್ಚಳ ಕೊನೆಗೂ ಕೂತಿತು.

ಪಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಕೋಪರಿ ಬಡಾವಣೆಯ ಆ ಎರಡನೇ ಮಹಡಿಯಿಂದ ಠಾಣೆ ಶಹರದ ರೈಲು ಸ್ಟೇಷನ್ನಿನ ತಗಡಿನ ಮಾಡು ಒಂದಿಷ್ಟು ಕಾಣುತ್ತದೆ, ಅನೌನ್ಸ್‌ಮೆಂಟು ಪೂರ್ತಿ ಕೇಳುತ್ತದೆ. ಪಪ್ಪ, ಅಂದರೆ ಜಯಶೀಲರು, ಒಂದು ಕಾಲಕ್ಕೆ ಚರ್ಚಿನ ಕನ್ನಡ ಸಭೆಯ ಹಿರಿಯರು, ಸಂಡೇ ಸ್ಕೂಲಿನ ಮೇಲ್ವಿಚಾರಕರು, ಅವರು ಬಂದರೆ ಬೆಂಚಿನ ತುದಿಯಲ್ಲಿ ಕೂತವರು ತಾವಾಗಿ ಒಳಗೆ ಸರಿಯುತ್ತಿದ್ದರು. ಈಗ ಜೊಲ್ಲು ಒರೆಸುವ ಬೈರಾಸನ್ನು ಕತ್ತಿಗೆ ಕಟ್ಟಿಸಿಕೊಂಡು ಕೂತ ಮುದುಕ. ಲಕ್ವ ಹೊಡೆದು ಬಲಭಾಗ ಬಿದ್ದ ಮೇಲೆ ಮಾತೂ ಒಂದೊಂದೇ, ಅದೂ ತಡೆದು ತಡೆದು. ಆ ಬಲಗೈಯನ್ನು ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಸುಲೋಚನಾಳೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ, ಹೇಳಿದರೆ ನಗುತ್ತಾರೆ. ಮಂಡಿಯೂರಿ, ಮಣಿಕಟ್ಟು ಹಿಡಿದು, ಎತ್ತಿ, ಇಟ್ಟು, ಕಣ್ಣು ಮುಚ್ಚಿ, ಅವರು ಹೇಳುತ್ತಿದ್ದ ಮಾತನ್ನು ತಾನೇ ಮನಸ್ಸಿನಲ್ಲಿ ಹೇಳಿಕೊಂಡು, ಮತ್ತೆ ಕೈಯನ್ನು ಅವರ ಮಡಿಲಿಗೆ ಇಳಿಸುತ್ತಾಳೆ. ಕೈ ಭಾರವಾಗಿರುತ್ತದೆ. ಆ ಭಾರವೇ ಆಶೀರ್ವಾದ ಎಂದು ಅವಳು ತಿಳಿದಿದ್ದಳು. ಆಮೇಲೆ ಅವರಿಗೆ ಗಂಜಿ ತಿನ್ನಿಸುತ್ತಾಳೆ, ತಾನು ಉಣ್ಣುವ ಹೊತ್ತಿಗೆ ತನ್ನ ಗಂಜಿ ಆರಿ ಕೆನೆಗಟ್ಟಿರುತ್ತದೆ. ಈಗ ಬಾಗಿಲಲ್ಲಿ ನಿಂತು ಆ ಕೈಯನ್ನು ನೋಡಿದಳು. ಮಡಿಲಿಗಿಳಿದ ಬೈರಾಸಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಏನೂ ಗೊತ್ತಿಲ್ಲದ ಹಾಗೆ. "ಹೋಗಿ ಬರ್ತೇನೆ ಪಪ್ಪ," ಎಂದಳು. ಪಪ್ಪ ತಲೆಯಾಡಿಸಿದರು.

ಆಫೀಸಿಗೆ ಹೋಗುವ ಮಾಜಿವಾಡಾದ ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಿಗಬಾರದಿತ್ತು. ನಿಂತಿದ್ದರೆ ಯೋಚನೆಗೆ ಜಾಗವಿರುತ್ತಿರಲಿಲ್ಲ. ಎತ್ತಲಾಗದ ಕೈಯನ್ನು ಎತ್ತುವುದು ಸೇವೆ, ಸರಿ. ಎತ್ತಬಲ್ಲ ಕೈಯನ್ನು, ತನಗಾಗಿ ಎತ್ತಲು ಮನಸ್ಸಿಲ್ಲದ ಕೈಯನ್ನು, ದಿನಾ ಹಿಡಿದೆಳೆದು ತಲೆಗೆ ಹಚ್ಚಿಕೊಳ್ಳುವುದಕ್ಕೆ ಏನನ್ನಬೇಕು? ಕಳ್ಳತನ ಎಂದರೆ ಕಳ್ಳತನವೇ. ಕಣ್ಣು ಮಂಜಾದ ತಂದೆಯ ಮುಂದೆ ರೋಮದ ಮೈಯ ಅಣ್ಣನೆಂದು ನಂಬಿಸಲು ಕೈಗೆ ಮೇಕೆಯ ಚರ್ಮ ಸುತ್ತಿಕೊಂಡು ನಿಂತು ಅವನ ಪಾಲಿನ ಆಶೀರ್ವಾದ ಹೊಡೆದುಕೊಂಡ ಮಗನ ಬೈಬಲ್ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಪಪ್ಪ ಎಷ್ಟು ಚೆನ್ನಾಗಿ ಹೇಳುತ್ತಿದ್ದರು. ಚರ್ಮ ಸವರುವ ಮುದುಕನ ಬೆರಳು ಅವರ ಬೆರಳೇ ಆಗುತ್ತಿತ್ತು. ಎರಡು ಜಡೆಯ ಸುಲೋಚನಾ ಎದ್ದು ನಿಂತು ಕೇಳಿದ್ದಳು, ಗೊತ್ತಾದ ಮೇಲೆ ಆ ಅಜ್ಜ ವಾಪಸು ಯಾಕೆ ತಗೊಳ್ಳಲಿಲ್ಲ? ಪಪ್ಪ ನಕ್ಕು, ಕೊಟ್ಟದ್ದು ಕೊಟ್ಟದ್ದೇ, ಅದೇನು ಅಂಗಡಿಯ ಸಾಮಾನೇ ಎಂದಿದ್ದರು. ಮಕ್ಕಳೆಲ್ಲ ನಕ್ಕಿದ್ದರು. ಅವಳಿಗೆ ಕಿವಿ ಬಿಸಿಯಾಗಿತ್ತು. ಈಗಲೂ, ಬಸ್ಸಿನ ಕಿಟಕಿಯ ಗಾಜಿಗೆ ತಾಗಿದ ಕಿವಿ ಬಿಸಿಯೇ ಆಯಿತು, ಪಕ್ಕದ ಹುಡುಗಿ ಇಯರ್‌ಫೋನ್ ತೆಗೆದು ಏನಾಯಿತು ಆಂಟಿ ಎನ್ನುವಂತೆ ನೋಡಿದಳು.

ಮನೆಯಲ್ಲಿ ಒಂದು ಕ್ರಮವಿತ್ತು. ಸಂಜೆ ದೀಪ ಹಾಕುವ ಹೊತ್ತಿಗೆ ಹಾಡು, ಬೈಬಲ್ ಓದುವ ವೇದಪಾಠ, ಪ್ರಾರ್ಥನೆ. ಕೊನೆಗೆ ಮಕ್ಕಳಿಬ್ಬರೂ ಪಪ್ಪನ ಮುಂದೆ ಮಂಡಿಯೂರಿದರೆ ಒಬ್ಬೊಬ್ಬರ ತಲೆಯ ಮೇಲೆ ಬಲಗೈ ಇಟ್ಟು ದೇವರು ನಿನ್ನನ್ನು ಆಶೀರ್ವದಿಸಲಿ ಎನ್ನುವುದು. ಊರಲ್ಲಿ, ಉಡುಪಿಯ ಕಡೆಯ ಕ್ರೈಸ್ತ ಮನೆಗಳಲ್ಲಿ, ಎಲ್ಲರೂ ಮಾಡುತ್ತಿದ್ದದ್ದೇ. ಪಪ್ಪ ಅದಕ್ಕೆ ತಮ್ಮದೊಂದು ಸೇರಿಸಿದ್ದರು. ಆ ದಿನ ಮಾತು ಕೇಳದ ಮಗುವಿನ ತಲೆಯನ್ನು ಕೈ ದಾಟಿ ಹೋಗುತ್ತಿತ್ತು. ಬೈಗುಳವಿಲ್ಲ, ಪೆಟ್ಟಿಲ್ಲ, ಬರೀ ದಾಟಿ ಹೋಗುವುದು. ತಮ್ಮ ರಿತೇಶನನ್ನು ದಾಟಿ ಹೋದ ದಿನಗಳೇ ಜಾಸ್ತಿ. ಅವನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಎದ್ದು ಹೋಗಿ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ. ಅವನ ಬದಲಿಗೆ ಊಟ ಸೇರದೆ ಏಳುತ್ತಿದ್ದದ್ದು ಇವಳು. ತನ್ನನ್ನು ದಾಟಿ ಹೋದರೆ ರಾತ್ರಿ ಸತ್ತೇ ಹೋಗುತ್ತೇನೆ ಎಂದು ನಂಬಿದ್ದಳು. ಹಾಗಾಗಿ ಮಾತು ಕೇಳಿದಳು. ಎಲ್ಲ ಮಾತನ್ನೂ ಕೇಳಿದಳು. ಅಮ್ಮ ತುಳುವಿನಲ್ಲಿ ಹೇಳುತ್ತಿದ್ದಳು, ಇಷ್ಟು ಒಳ್ಳೆಯವಳಾಗಬೇಡ ಮಗಾ, ನೋಡಿದವರಿಗೆ ಭಯ ಆಗುತ್ತದೆ ಎಂದು. ಅಮ್ಮನಿಗೆ ಭಯವಾಗಿತ್ತೋ ಏನೋ, ಬೇಗ ಹೋಗಿಬಿಟ್ಟಳು.

ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಅವಳ ಕೈಗಳು ತಮ್ಮ ಪಾಡಿಗೆ ಕೀಬೋರ್ಡಿನ ಮೇಲೆ ಓಡಾಡಿದವು. ಶ್ರೀಪ್ರಿಯಾ ಗಾಜಿನ ಕ್ಯಾಬಿನ್ನಿನಿಂದ ಹೊರಗೆ ತಲೆ ಹಾಕಿದಳು. ವಯಸ್ಸಿನಲ್ಲಿ ಸುಲೋಚನಾಳ ಮಗಳಾಗಬಹುದಾದ ಈ ಹುಡುಗಿ ಅವಳ ಮೇಲಧಿಕಾರಿ. ಶನಿವಾರ ಆಡಿಟ್‌ನವರು ಬರುತ್ತಾರೆ, ಯಾರಾದರೂ ಬರಬೇಕು ಎಂದಳು. ಎಲ್ಲರೂ ಸ್ಕ್ರೀನಿಗೆ ಮುಖ ಹಚ್ಚಿದರು. "ಅರೇ, ಟೆನ್ಶನ್ ಕ್ಯಾ ಹೈ," ಎಂದ ಹಿತೇಶ್ ಆಚೆ ಮೇಜಿನಿಂದ, "ಸುಲೋಚನಾ ಮೇಡಂ ಹೈ ನಾ!" ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮನೆಯ ಹಳೆಯ ಫ್ರಿಜ್ಜನ್ನು ನೋಡಿ ಇನ್ನೂ ನಡೆಯುತ್ತಿದೆಯಲ್ಲ ಎಂದು ನಗುವ ನಗು. ಸುಲೋಚನಾ ತಲೆಯೆತ್ತುವ ಮೊದಲೇ ಹೂಂ ಎಂದಾಗಿತ್ತು. ಆ ಹೂಂ ಬಾಯಿಂದ ಬಂದದ್ದೇ ಅವಳಿಗೆ ಗೊತ್ತಾಗಲಿಲ್ಲ. ಶ್ರೀಪ್ರಿಯಾ ಥ್ಯಾಂಕ್ಯೂ ಎಂದಾಗ ಗೊತ್ತಾಯಿತು. ಛೇ, ಎಂಥಾ ಹೆಂಗಸು ನಾನು ಎನಿಸಿತು. ನೀರು ಕುಡಿಯಲು ಎದ್ದು ಹೋಗಿ ಬಹಳ ಹೊತ್ತು ಕೂಲರಿನ ಮುಂದೆ ನಿಂತಿದ್ದಳು.

ಅದೇ ಹೂಂ. ಆಗಲೂ ಅದೇ. ಅಮ್ಮ ಹೋದ ಮರುವರ್ಷ, ಚರ್ಚಿನ ಪಾದ್ರಿ, ಸಭಾಪಾಲಕ ಅಯ್ಯನವರು ಮನೆಗೆ ಬಂದು ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿದ್ದರು. ಜಯಶೀಲರೇ, ನಿಮ್ಮ ಮಗಳನ್ನು ಮಂಗಳೂರಿಗೆ ದೈವಶಾಸ್ತ್ರ ಓದಲು ಕಳಿಸಿ, ಹುಡುಗಿಗೆ ದೇವರ ಕರೆ ಉಂಟು, ಈಗ ಹೆಂಗಸರೂ ಅಯ್ಯನವರಾಗುತ್ತಾರೆ. ಸುಲೋಚನಾ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ತನಗೆ ಅದನ್ನು ಓದಬೇಕೆಂದು ಅವಳೇ ಮೊದಲು ಅಯ್ಯನವರಲ್ಲಿ ಹೇಳಿದ್ದು, ಅಳುತ್ತಾ ಹೇಳಿದ್ದು. ಅವಳಿಗೆ ಬೇಕಾಗಿದ್ದದ್ದು ಉಪದೇಶದ ಪ್ರಸಂಗ ಮಾಡುವುದಲ್ಲ, ಬಿಳಿ ನಿಲುವಂಗಿಯೂ ಅಲ್ಲ. ಆರಾಧನೆಯ ಕೊನೆಗೆ ಅಯ್ಯನವರು ಎರಡೂ ಕೈ ಎತ್ತಿ, ಇಡೀ ಸಭೆ ತಲೆ ತಗ್ಗಿಸಿ ನಿಂತಿರುವಾಗ, ಒಳ್ಳೆಯವರು ಕೆಟ್ಟವರು ನಿದ್ದೆ ಹೋದವರು ಎಂದು ನೋಡದೆ ಎಲ್ಲರ ಮೇಲೆ ಒಂದೇ ಸಲಕ್ಕೆ ಆಶೀರ್ವಾದ ಹೇಳುತ್ತಾರಲ್ಲ, ಯಾರನ್ನೂ ದಾಟದೆ, ಅದು. ದೀಕ್ಷೆ ಪಡೆದವರಲ್ಲದೆ ಬೇರೆಯವರು ಹಾಗೆ ಕೈ ಎತ್ತುವಂತಿಲ್ಲ. ಒಮ್ಮೆ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಬಕೆಟ್ಟಿನ ಮುಂದೆ ಎತ್ತಿ ನೋಡಿದ್ದಳು. ಪಪ್ಪ ಅಯ್ಯನವರನ್ನು ಕೆಳಗಿನವರೆಗೆ ಬಿಟ್ಟು ಬಂದು, "ನೀನು ಹೋದ್ರೆ ಮನೆ ಯಾರು ನೋಡುದು? ದೇವರ ಕೆಲಸ ಮನೆಯಲ್ಲೂ ಉಂಟು," ಎಂದರು. ಅವಳು ಹೂಂ ಎಂದಳು. ಆ ಸಂಜೆ ಕೈ ಅವಳ ತಲೆಯ ಮೇಲೆ ಬಹಳ ಹೊತ್ತು ಇತ್ತು, ಯಾವತ್ತೂ ಇರದಷ್ಟು ಹೊತ್ತು. ಅವಳ ಮಂಡಿ ನೋಯಲು ಸುರುವಾದರೂ ಪಪ್ಪ ಕೈ ತೆಗೆಯಲಿಲ್ಲ. ಇದಕ್ಕಿಂತ ಹೆಚ್ಚಿನದೇನು ಬೇಕು ಎಂದುಕೊಂಡಿದ್ದಳು, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಮರುದಿನ ಪಪ್ಪ ಆ ವಿಷಯ ಎತ್ತಲಿಲ್ಲ, ಆಮೇಲೆ ಯಾವತ್ತೂ ಎತ್ತಲಿಲ್ಲ.

ಕಳೆದ ಭಾನುವಾರದ್ದು ನೆನೆದರೆ ಮೈ ಹಿಡಿಯಾಗುತ್ತದೆ. ಕನ್ನಡ ಸಭೆಗೆ ತನ್ನದೆಂಬ ಗುಡಿ, ಅಂದರೆ ಚರ್ಚು, ಇಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಅದೇ ಗುಡಿಯಲ್ಲಿ ಕೂರುವುದು. ಅಯ್ಯನವರು ಬೇರೆ ಸಭೆಗೆ ಹೋಗಿದ್ದರಿಂದ ಆರಾಧನೆಯ ಕ್ರಮವನ್ನು ಓದುವ ಕೆಲಸ ಅವಳ ಪಾಲಿಗೆ ಬಂತು. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಯಲ್ಲಿ ಸಭೆ ಎದ್ದು ತಲೆ ತಗ್ಗಿಸಿತು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ, ಆಗ ಅವಳ ಎರಡೂ ಕೈ ತಾವಾಗಿ ಸೊಂಟದಿಂದ ಮೇಲೆ ಬಂದವು. ಮುಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವಳು ಏರಿದ ಕೈಗಳಿಂದ ಸೆರಗು ಸರಿಮಾಡಿಕೊಂಡಳು. ಬೇಕೆಂದೇ ಸೆರಗಿಗಾಗಿ ಎತ್ತಿದ ಹಾಗೆ, ಎರಡು ಸಲ ಸರಿಮಾಡಿಕೊಂಡಳು. ಆಮೇಲೆ ಚಹಾ ಕುಡಿಯುವಾಗ ಹಿರಿಯರೊಬ್ಬರು ಪಪ್ಪನ ಆರೋಗ್ಯ ಕೇಳಿದರು, ಕೈಯ ವಿಷಯ ಯಾರೂ ಎತ್ತಲಿಲ್ಲ. ಒಬ್ಬರಾದರೂ ಬೈದಿದ್ದರೆ ಒಳ್ಳೆಯದಿತ್ತು.

ಟಿಫಿನ್ ಬಿಚ್ಚಿದವಳು ಉಣ್ಣದೆ ರಿತೇಶನಿಗೆ ಫೋನ್ ಮಾಡಿದಳು. ಅವನು ಕಾಮೋಠೆಯಲ್ಲಿರುತ್ತಾನೆ. ಪಪ್ಪ ಬೇಡವೆಂದ ಮರಾಠಿ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದವನು, ಗುಡಿಯ ಮೆಟ್ಟಿಲು ಹತ್ತದವನು, ಕ್ರಿಸ್ಮಸ್ಸಿಗೆ ಕೇಕ್ ತಂದು ಅರ್ಧ ತಾನೇ ತಿಂದು ಹೋಗುವವನು. "ಪಪ್ಪನ ಬಲಗೈ ಸ್ವಲ್ಪ ಸರಿಯಾದ ಹಾಗೆ ಉಂಟು, ನಿಂಗೇನಾದ್ರೂ ಗೊತ್ತುಂಟಾ?" ಎಂದು ಕೇಳಿದಳು, ದನಿಯನ್ನು ಆದಷ್ಟು ಹಗುರ ಮಾಡಿ. "ಅರೇ ಅಕ್ಕ, ನಿಂಗೆ ಹೇಳ್ಲಿಕ್ಕೇ ಮರೆತೋಯ್ತು," ಎಂದ ಅವನು. ಹಿಂದೆ ಟ್ರಾಫಿಕ್ಕಿನ ಗದ್ದಲ. "ಅವತ್ತು ನಾನು ಬಂದಿದ್ನಲ್ಲ, ನೀನು ಮೆಡಿಕಲ್‌ಗೆ ಹೋಗಿದ್ದಿ. ಹೊರಡುವಾಗ ಬಗ್ಗಿ ಚಪ್ಪಲಿ ಹಾಕ್ತಾ ಇದ್ದೆ, ಪಪ್ಪ ತಲೆ ಮೇಲೆ ಕೈ ಇಟ್ರು ಯಾರ್! ಮೈಂ ತೋ ಡರ್ ಗಯಾ, ಹೆದರಿಯೇ ಬಿಟ್ಟೆ. ಜನ್ಮದಲ್ಲಿ ಇಡದವ್ರು." ನಕ್ಕ. ಆಮೇಲೆ ನಗು ನಿಲ್ಲಿಸಿ, "ಒಳ್ಳೇದಾಯ್ತಲ್ಲ ಅಕ್ಕ? ನಿಂಗೆ ಸ್ವಲ್ಪ ಕೆಲಸ ಕಮ್ಮಿ," ಎಂದ. ಹೌದು, ಒಳ್ಳೇದಾಯ್ತು, ಎಂದಳು. ಅನ್ನ ಹಾಗೇ ಮುಚ್ಚಿ ಚೀಲಕ್ಕೆ ಹಾಕಿದಳು. ಹೊಟ್ಟೆಕಿಚ್ಚು ಎಂದರೆ ಇಷ್ಟು ನೇರವಾಗಿ ಹೊಟ್ಟೆಯಲ್ಲೇ ಉರಿಯುತ್ತದೆಂದು ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಬಾಗಿಯ ಮೊಮ್ಮಗು ಹುಟ್ಟಿ ಏನು ಮಾಡಿತ್ತು? ಯಾರ ಮಾತು ಕೇಳಿತ್ತು? ರಿತೇಶ ಯಾವ ಮಾತು ಕೇಳಿದ್ದ?

ಸಂಜೆ ಸ್ಟೇಷನ್ನಿನ ಬಳಿ ಬಸ್ಸಿಳಿದವಳಿಗೆ ಮನೆಗೆ ಹೋಗುವುದು ಬೇಡವಾಗಿತ್ತು. ಕಟ್ಟಡದ ಕೆಳಗಿನ ಉಡುಪಿ ಹೋಟೆಲಿನಲ್ಲಿ ಕೂತು, ಬೇಡದ ಕಾಫಿ ತರಿಸಿಕೊಂಡಳು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಸಂಕರ್ಷಣ ರಾಯರು ಅಲ್ಲಿಂದಲೇ, "ಎಂತ ಸುಲೋಚನಕ್ಕ, ಇವತ್ತು ಕೂತದ್ದು! ಅಪ್ಪ ಹುಷಾರುಂಟಲ್ಲ? ನಿಮ್ಮ ಹಾಗೆ ನೋಡಿಕೊಳ್ಳುವ ಮಕ್ಕಳು ಪುಣ್ಯ ಮಾಡಿದವರಿಗೇ ಸಿಗುದು ಮಾರಾಯ್ರೆ," ಎಂದರು. ಎದುರಿನ ಮೇಜಿನವರು ತಿರುಗಿ ಅವಳನ್ನು ನೋಡಿದರು. ಅವಳು ನಕ್ಕಳು, ಮೆಚ್ಚಿಕೆಗೆ ನಗಬೇಕಾದ ರೀತಿಯಲ್ಲೇ. ಇವತ್ತು ಎತ್ತುವುದಿಲ್ಲ ಎಂದು ಆಗ ನಿಶ್ಚಯವಾಯಿತು. ಮಂಡಿಯೂರುತ್ತೇನೆ, ತಲೆ ತಗ್ಗಿಸುತ್ತೇನೆ, ಕೈ ಮುಟ್ಟುವುದಿಲ್ಲ. ಇಡುವುದಾದರೆ ಅವರೇ ಇಡಲಿ. ಇಡದಿದ್ದರೆ, ಇಷ್ಟು ವರ್ಷ ತನ್ನ ಹತ್ತಿರ ಇದ್ದದ್ದು ಏನೆಂದು ಗೊತ್ತಾಗಲಿ. ಕಾಫಿ ತಣ್ಣಗಾಗಿತ್ತು, ಒಂದೇ ಗುಟುಕಿಗೆ ಕುಡಿದು ಎದ್ದಳು.

ಬಾಗಿ ಹೋದ ಮೇಲೆ ಕೈಕಾಲು ತೊಳೆದು, ಗಂಜಿಗೆ ಇಟ್ಟು, ದೀಪ ಹಾಕಿದಳು. ಹಾಡು ಹೇಳಿದಳು. ಪಪ್ಪನ ತುಟಿ ಎಲ್ಲೆಲ್ಲೋ ಸೇರಿಕೊಂಡು ಎಲ್ಲೆಲ್ಲೋ ಬಿಟ್ಟುಹೋಯಿತು. ವೇದ ಓದಿದಳು; ಏನು ಓದಿದೆನೆಂದು ಕೇಳಿದ್ದರೆ ಹೇಳಲಾರದೆ ಹೋಗುತ್ತಿದ್ದಳು. ಪ್ರಾರ್ಥನೆಯಲ್ಲಿ ರಿತೇಶನ ಹೆಸರು ಹೇಳಿದಳು, ಬಾಗಿಯ ಮೊಮ್ಮಗುವಿನದೂ ಹೇಳಿದಳು, ಹೇಳುವಾಗ ದನಿ ಸ್ವಲ್ಪ ಒರಟಾಯಿತು. ಆಮೆನ್ ಆಯಿತು. ಕುರ್ಚಿಯ ಮುಂದೆ ಮಂಡಿಯೂರಿ ತಲೆ ತಗ್ಗಿಸಿ, ತನ್ನ ಎರಡೂ ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದಳು.

ಪಪ್ಪ ಕಾದರು. ಅವರು ಕಾಯುತ್ತಿರುವುದು ತನ್ನ ಕೈಗಾಗಿ ಎಂದು ಅವಳಿಗೆ ತಿಳಿಯಿತು. ಸ್ಟೇಷನ್ನಿನ ಮೈಕಿನಲ್ಲಿ ಕರ್ಜತ್ ಗಾಡಿ ಬರುವುದಾಗಿ ಮರಾಠಿಯಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು. ತಗ್ಗಿಸಿದ ಕಣ್ಣಿಗೆ ಬೈರಾಸಿನ ಮೇಲಿನ ಬಲಗೈ ಕಾಣುತ್ತಿತ್ತು. ತೋರುಬೆರಳು ಬಟ್ಟೆಯ ದಾರವೊಂದನ್ನು ಸುತ್ತಿತು, ಬಿಟ್ಟಿತು. ಅಷ್ಟು ಸಾಕಾಯಿತು ಅವಳಿಗೆ. "ನೀವೇ ಇಡಿ ಪಪ್ಪ," ಎಂದಳು. ಬೆರಳು ನಿಂತಿತು. "ಬಾಗಿಯ ಮೊಮ್ಮಗುವಿಗೆ ಇಟ್ರಂತೆ. ರಿತೇಶನಿಗೆ ಇಟ್ರಂತೆ. ನಂಗೆ ಎಂತಕ್ಕೆ ಇಲ್ಲ? ನಾನು ಯಾವ ಮಾತು ಕೇಳ್ಲಿಲ್ಲ?" ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿ ನಾಚಿಕೆಯಾಯಿತು. ಐವತ್ತು ದಾಟಿದ ಹೆಂಗಸು ಮಿಠಾಯಿಗೆ ಜಗಳ ಮಾಡುವ ಹಾಗೆ. ಆದರೆ ಹೇಳಿಯಾಗಿತ್ತು, ತಲೆ ಎತ್ತಿದಳು.

ಪಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಯಿಯ ಒಂದು ಬದಿ ಕೆಲಸ ಮಾಡುತ್ತಿತ್ತು, ಇನ್ನೊಂದು ಬದಿ ಅದನ್ನು ತಡೆಯುತ್ತಿತ್ತು. "ನಿಂಗೆ," ಎಂದರು. ಉಗುಳು ನುಂಗಿದರು. "ನಿಂಗೆ… ಕೊಡ್ಲಿಕ್ಕೆ… ನನ್ನತ್ರ… ಇಲ್ಲ." "ಎಂತ ಇಲ್ಲ?" ಎಂದಳು ಅವಳು, ಅರ್ಥವಾಗದೆ. ಪಪ್ಪ ಅವಳನ್ನು ಬಿಟ್ಟು ಅಡಿಗೆಮನೆಯ ಬಾಗಿಲಿನ ಕಡೆ ನೋಡಿದರು, ಆ ದಿನ ಅವಳು ಯಾವ ಬಾಗಿಲ ಹಿಂದೆ ನಿಂತಿದ್ದಳೋ ಆ ಬಾಗಿಲಿನ ಕಡೆ. "ಮಂಗ್ಳೂರು," ಎಂದರು.

ಹಾಗಾದರೆ ಇವರು ಮರೆತಿಲ್ಲ. ಬಾಗಿಲ ಹಿಂದೆ ತಾನು ನಿಂತದ್ದೂ ಅವರಿಗೆ ಗೊತ್ತಿತ್ತು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಗೊತ್ತಿದ್ದೂ ಇಷ್ಟು ವರ್ಷ ಸಂಜೆ ಸಂಜೆ ಕೈ ಇಟ್ಟರಲ್ಲ ಎಂದು ಮೊದಲು ಎನಿಸಿತು. ಕಸಿದದ್ದು ಏನೆಂದು ಮನಸ್ಸಿಗೆ ತಟ್ಟಿದ ಮೇಲೆಯೇ ಇಡುವುದನ್ನು ಬಿಟ್ಟಿದ್ದಾರೆ ಎಂದು ಆಮೇಲೆ. ಮಕ್ಕಳ ತಲೆ ದಾಟಿ ಹೋಗುತ್ತಿದ್ದ ಕೈ ಈಗ ಆ ಶಿಕ್ಷೆಯನ್ನು ತನಗೇ ಕೊಟ್ಟುಕೊಂಡು ಕೂತಿತ್ತು. ಅಷ್ಟರಲ್ಲಿ ಬಲಗೈ ಎದ್ದಿತು. ಅಲ್ಲಲ್ಲಿ ನಿಲ್ಲುತ್ತಾ ಅವಳ ತಲೆಯ ಹತ್ತಿರ ಬಂದು, ತಲೆಯನ್ನು ಮುಟ್ಟದೆ ಕೆಳಗಿಳಿದು, ಅವಳ ಮಣಿಕಟ್ಟು ಹಿಡಿಯಿತು. ಅವಳು ದಿನಾ ಹಿಡಿಯುವ ರೀತಿಯಲ್ಲೇ. ಹಿಡಿದು ಎಳೆಯಿತು, ಎಡಗೈಯೂ ಸಹಾಯಕ್ಕೆ ಬಂತು, ಅವಳ ಅಂಗೈಯನ್ನು ತಂದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಕೂದಲಿಲ್ಲದ ನೆತ್ತಿ ಬೆಚ್ಚಗಿತ್ತು, ಬಾಗಿ ಹಚ್ಚಿದ ಎಣ್ಣೆಯಿಂದ ಜಾರುತ್ತಿತ್ತು. ಪಪ್ಪ ಕಣ್ಣು ಮುಚ್ಚಿದರು. "ಹೇಳು," ಎಂದರು.

ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಒಪ್ಪಿಸಲು ಹೇಳುತ್ತಿದ್ದ ಅದೇ ಹೇಳು. ದನಿ ಮುರಿದಿತ್ತು, ಆಜ್ಞೆ ಮುರಿದಿರಲಿಲ್ಲ. ಆಶೀರ್ವಾದದ ಮಾತು ಅವಳ ನಾಲಿಗೆಯ ಮೇಲೆ ತಯಾರಿತ್ತು, ಬಚ್ಚಲುಮನೆಯ ಬಕೆಟ್ಟಿನ ಮುಂದೆ ನಿಂತ ದಿನದಿಂದ ತಯಾರಿತ್ತು. ಬಾಯಿ ಬಿಟ್ಟರೆ ಸಾಕು, ಮುಗಿಯುತ್ತದೆ. ಪಪ್ಪನಿಗೆ ನಿದ್ದೆ ಬರುತ್ತದೆ, ತನಗೂ ಬರುತ್ತದೆ. ಹೂಂ ಗಂಟಲಿನವರೆಗೆ ಬಂತು. ಆಫೀಸಿನಲ್ಲಿ ಬಂದ ಹಾಗೇ ಅದು ಬಂತು, ಈ ಸಲ ಅವಳಿಗೆ ಬರುವಾಗಲೇ ಗೊತ್ತಾಯಿತು. ಮುಚ್ಚಿದ ಕಣ್ಣುಗಳ ಕೆಳಗೆ ಪಪ್ಪನ ಮುಖ ಚಿಕ್ಕದಾಗಿತ್ತು, ಕಾಯುತ್ತಿತ್ತು. ಹೀಗೆ ಕಾಯುವುದು ಹೇಗಿರುತ್ತದೆಂದು ಅವಳಷ್ಟು ತಿಳಿದವರು ಯಾರೂ ಇರಲಿಲ್ಲ. ಕನಿಕರವಾಯಿತು, ತುಂಬಾ ಕನಿಕರವಾಯಿತು. "ಇವತ್ತಿಲ್ಲ ಪಪ್ಪ," ಎಂದಳು. "ನಂಗೆ ಮನಸ್ಸು ಬಂದ ದಿನ ಹೇಳ್ತೇನೆ." ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಒಳಗೆ ಹೋಗಿ ಎರಡು ಬಟ್ಟಲಿಗೆ ಗಂಜಿ ಹಾಕಿದಳು, ಉಪ್ಪಿನಕಾಯಿ ಹಾಕಿದಳು. ಎಣ್ಣೆಯ ಕೈಯನ್ನು ತೊಳೆಯಬೇಕೆಂದು ನಲ್ಲಿ ತಿರುಗಿಸಿದವಳು ಮತ್ತೆ ನಿಲ್ಲಿಸಿದಳು. ಹೊರಗೆ ಬಂದಾಗ ಪಪ್ಪ ಕಣ್ಣು ತೆರೆದಿದ್ದರು, ಬೈಯುವವರ ಹಾಗೂ ಇರಲಿಲ್ಲ, ಅಳುವವರ ಹಾಗೂ ಇರಲಿಲ್ಲ. ಸ್ಟೂಲ್ ಎಳೆದು ಬಟ್ಟಲಿಟ್ಟು, ಯಾವಾಗಿನಂತೆ ಚಮಚ ತುಂಬಿಸಿದವಳು, ಬಾಯಿಗೆ ಒಯ್ಯದೆ ಅದನ್ನು ಬಟ್ಟಲಿನ ಬಲಬದಿಗೆ ಒರಗಿಸಿ ಇಟ್ಟಳು. ಪಪ್ಪ ಚಮಚವನ್ನು ನೋಡಿದರು, ಅವಳನ್ನು ನೋಡಿದರು. ಇನ್ನು ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ. ಬಲಗೈ ಎತ್ತಿ ಚಮಚ ಹಿಡಿದರು. ಅರ್ಧ ಬಾಯಿಗೆ ಹೋಯಿತು, ಅರ್ಧ ಬೈರಾಸಿನ ಮೇಲೆ ಚೆಲ್ಲಿತು. ಸುಲೋಚನಾ ಒರೆಸಲು ಏಳಲಿಲ್ಲ. ಎದುರು ಕೂತು ತನ್ನ ಬಟ್ಟಲು ಎಳೆದುಕೊಂಡು, ಬಿಸಿ ಇರುವಾಗಲೇ ಉಂಡಳು.